ಅಪ್ಪ ತಂದ ಮ್ಯಾಸಿ ಮಾರಿ ಸೆಕೆಂಡ್‌ಹ್ಯಾಂಡ್ ದೊಡ್ಡ ಗಾಡಿ ತರಲೇ?

ಪ್ರಶ್ನೆ: ನಮ್ಮದು ಹಿರೇಕೆರೂರು ತಾಲ್ಲೂಕು, ಒಂಬತ್ತು ಎಕರೆ. ಆರು ಎಕರೆಯಲ್ಲಿ ಮಳೆಯಾಶ್ರಿತ ಗೋವಿನಜೋಳ, ಹತ್ತಿ. ಕೆರೆ ಕೆಳಗಿನ ಮೂರು ಎಕರೆಯಲ್ಲಿ ಭತ್ತ. 1998ರಲ್ಲಿ ಅಪ್ಪ ತಂದ ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರ್ ಇದೆ. ಸಿಂಗಲ್ ಕ್ಲಚ್, ಸಾದಾ ಸ್ಟೇರಿಂಗ್. 2011ರಲ್ಲಿ ಒಮ್ಮೆ ಇಂಜಿನ್ ಕೆಲಸ ಮಾಡಿಸಿದ್ದೇವೆ. ಈಗ ಲೋಡ್ ಬಿದ್ದರೆ ಕಪ್ಪು ಹೊಗೆ ಬರುತ್ತದೆ. ಹಿಂದೆ ಕಟ್ಟಿದ ಉಪಕರಣ ಎತ್ತುವ ಲಿಫ್ಟನ್ನು ಮೇಲೆತ್ತಿ ಇಂಜಿನ್ ಆಫ್ ಮಾಡಿದರೆ ಐದೇ ನಿಮಿಷದಲ್ಲಿ ಕೆಳಗೆ ಕೂರುತ್ತದೆ. ಮಣ್ಣು ಪುಡಿ ಮಾಡುವ ರೋಟವೇಟರ್‌ಗೆ ಬೇರೆಯವರ ಗಾಡಿ ಕರೆಯುತ್ತೇವೆ, ವರ್ಷಕ್ಕೆ 28-30 ಸಾವಿರ ಅದಕ್ಕೇ ಹೋಗುತ್ತದೆ. ದಲ್ಲಾಳಿಯೊಬ್ಬ 2012ರ ಸ್ವರಾಜ್ 744 ತೋರಿಸಿದ್ದಾನೆ. ನಂಬರು ಕೆಎ-48, ಮೀಟರಿನಲ್ಲಿ 3,100 ಗಂಟೆ, ಬೆಲೆ 3.75 ಲಕ್ಷ. ನಮ್ಮ ಗಾಡಿಯನ್ನು 1.45 ಲಕ್ಷಕ್ಕೆ ಹಿಡಿದುಕೊಳ್ಳುತ್ತಾನಂತೆ. '15 ವರ್ಷ ದಾಟಿದ ಗಾಡಿ ಇನ್ನು ಗುಜರಿಗೇ, ಈಗಲೇ ಕೊಟ್ಟುಬಿಡಿ' ಅನ್ನುತ್ತಾನೆ. ನಮ್ಮ ಆರ್‌ಸಿ 2023ಕ್ಕೆ ಮುಗಿದಿದೆ, ಮತ್ತೆ ಮಾಡಿಸಿಲ್ಲ. ತಮ್ಮನಿಗೆ ಬದಲಾಯಿಸುವ ಆತುರ, ಅಪ್ಪನಿಗೆ ಮನಸ್ಸಿಲ್ಲ. ದಲ್ಲಾಳಿ 10 ಸಾವಿರ ಮುಂಗಡ ಕೇಳುತ್ತಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆಬೇರೆ ತಕರಾರುಗಳು ಒಂದೇ ಗಂಟಾಗಿವೆ. ಗಾಡಿ ರಿಪೇರಿಗೆ ಬಂದಿದೆ ಅನ್ನುವುದು ಒಂದು. ನಿಮಗೆ ಬೇಕಾದ ಕೆಲಸ ಅದರಿಂದ ಆಗುವುದಿಲ್ಲ ಅನ್ನುವುದು ಇನ್ನೊಂದು. ಕಾಗದಪತ್ರ ಕೆಟ್ಟಿದೆ ಅನ್ನುವುದು ಮೂರನೆಯದು. ದಲ್ಲಾಳಿ ಮೂರನ್ನೂ ಸೇರಿಸಿ ಒಂದೇ ಮದ್ದು ಹೇಳುತ್ತಿದ್ದಾನೆ. ಗಂಟು ಬಿಚ್ಚಿ ನೋಡಿದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಗಾಡಿ ಮಾರಬೇಕಾಗಿಲ್ಲ. ಎರಡನೆಯದೊಂದೇ ಯೋಚಿಸಬೇಕಾದ್ದು.

ಮೊದಲು ಗುಜರಿ ಮಾತು ಮುಗಿಸೋಣ. 15 ವರ್ಷವಾದ ಟ್ರ್ಯಾಕ್ಟರನ್ನು ಸರ್ಕಾರ ಎಳೆದುಕೊಂಡು ಹೋಗುತ್ತದೆ ಅನ್ನುವುದು ಸುಳ್ಳು. ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನ. ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಹೀಗೇ ಗುಲ್ಲೆದ್ದಾಗ ಕೇಂದ್ರ ಸಾರಿಗೆ ಸಚಿವಾಲಯ 2023ರಲ್ಲಿ ಇದನ್ನೇ ಸ್ಪಷ್ಟಪಡಿಸಿತ್ತು. ನಿಮ್ಮ ಗಾಡಿ 2013ರಲ್ಲಿ, 2018ರಲ್ಲಿ ನವೀಕರಣವಾಗಿ 2023ಕ್ಕೆ ನಿಂತಿದೆ, ಅಷ್ಟೇ. ಫಾರ್ಮ್ 25 ಹಾಕಿ, ಗಾಡಿ ಆರ್‌ಟಿಒ ಮುಂದೆ ನಿಲ್ಲಿಸಿ ತಪಾಸಣೆ ಮಾಡಿಸಬೇಕು. ತಡ ಮಾಡಿದ್ದಕ್ಕೆ ದಂಡ ಬೀಳುತ್ತದೆ. ಇದನ್ನು ಮುಂದೂಡಬೇಡಿ. ಆರ್‌ಸಿ ಮುಗಿದ ಗಾಡಿ ಟ್ರೇಲರ್ ಕಟ್ಟಿಕೊಂಡು ರಸ್ತೆಗೆ ಬಂದು ಏನಾದರೂ ಆದರೆ, ವಿಮೆ ಕಂಪನಿ ಕೈ ಎತ್ತಲು ಆ ನೆಪವೇ ಸಾಕು. ಗಾಡಿ ಇಟ್ಟುಕೊಂಡರೂ ಮಾರಿದರೂ ಈ ಕೆಲಸ ತಪ್ಪಿದ್ದಲ್ಲ. ಆರ್‌ಸಿ ಸರಿಯಿಲ್ಲ ಅನ್ನುವ ಕಾರಣಕ್ಕೇ ನಿಮ್ಮ ಗಾಡಿಯ ಬೆಲೆಯನ್ನು ಜಗ್ಗುತ್ತಿದ್ದಾರೆ.

ಇನ್ನು ಹೊಗೆ. 'ಕಪ್ಪು ಹೊಗೆ ಬಂತು, ಇಂಜಿನ್ ಹೋಯ್ತು' ಅನ್ನುವುದು ಊರೂರಲ್ಲಿ ಕೇಳುವ ಮಾತು. ಕಪ್ಪು ಹೊಗೆಗೆ ಕಾರಣ ಸುಡದೆ ಉಳಿದ ಡೀಸೆಲ್. ಡೀಸೆಲ್ ಜಾಸ್ತಿ ಬೀಳುತ್ತಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ಏರ್ ಕ್ಲೀನರಿನ ಬಟ್ಟಲು ಬಿಚ್ಚಿ ನೋಡಿ: ಆಯಿಲ್ ಕೆಸರಾಗಿ ಗಟ್ಟಿಯಾಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಉಳಿದರ್ಧ ಇಂಜಿನ್ನಿನೊಳಗೆ ಡೀಸೆಲ್ ಸಿಡಿಸುವ ನಾಝಲ್‌ಗಳಲ್ಲಿ ಇರುತ್ತದೆ. ಮೂರು ಸಿಲಿಂಡರಿನ ಮೂರು ನಾಝಲ್ ಕಳಚಿ ಪಂಪ್ ಅಂಗಡಿಯಲ್ಲಿ ಪ್ರೆಶರ್ ನೋಡಿಸಿ. ಮಂಜಿನ ಹಾಗೆ ಸಿಡಿಯಬೇಕಾದ ಡೀಸೆಲ್ ಹನಿಹನಿಯಾಗಿ ತೊಟ್ಟಿಕ್ಕಿದರೆ ತುದಿ ಬದಲಿಸಬೇಕು. ಎಲ್ಲ ಸೇರಿ ಕೆಲವು ಸಾವಿರದ ಕೆಲಸ. ನೀವು ಹೆದರಬೇಕಾದ್ದು ನೀಲಿ ಹೊಗೆಗೆ, ಅದು ಆಯಿಲ್ ಸುಡುವ ಲಕ್ಷಣ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯಿರಿ. ಉಗಿಯ ಹಾಗೆ ಹೊಗೆ ಅಂಗೈಯನ್ನು ತಳ್ಳಿಕೊಂಡು ಬಂದರೆ ಲೈನರ್-ಪಿಸ್ಟನ್ ಸವೆದಿದೆ ಅಂತ. ತೆಳ್ಳಗೆ ಬಂದರೆ ನಿಮ್ಮ 2011ರ ಕೆಲಸ ಇನ್ನೂ ನಿಂತಿದೆ.

ಲಿಫ್ಟ್ ಕೂರುವುದೂ ದೊಡ್ಡ ಕಾಯಿಲೆಯಲ್ಲ. ಹೆಚ್ಚಾಗಿ ಲಿಫ್ಟ್ ಪಿಸ್ಟನ್ನಿನ ರಿಂಗು, ಸೀಲು, ಇಲ್ಲದಿದ್ದರೆ ಕಂಟ್ರೋಲ್ ವಾಲ್ವ್. ಆದರೆ ಬಿಚ್ಚುವ ಮೊದಲು ಹಿಂದಿನ ಆಯಿಲ್ ನೋಡಿ. ಈ ಮಾದರಿಯಲ್ಲಿ ಹೈಡ್ರಾಲಿಕ್ ಪಂಪ್ ಹಿಂದಿನ ಹೌಸಿಂಗಿನ ಒಳಗೇ, ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ. ಗೇರುಗಳಿಗೂ ಪಂಪಿಗೂ ಅದೇ ಎಣ್ಣೆ. ಕೆರೆ ಕೆಳಗಿನ ಗದ್ದೆಯಲ್ಲಿ ಓಡಾಡಿದ ಗಾಡಿಗೆ ಸೀಲಿನ ಮೂಲಕ ನೀರು ಇಳಿದು ಎಣ್ಣೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿರುತ್ತದೆ. ಅಂಥ ಎಣ್ಣೆಯಲ್ಲಿ ಹೊಸ ಸೀಲು ಹಾಕಿದರೂ ಆರು ತಿಂಗಳಿಗೆ ಮತ್ತದೇ ಕಥೆ. ಎಣ್ಣೆ ಪೂರ್ತಿ ಇಳಿಸಿ, ಜಾಲರಿ ತೊಳೆದು, ಆಮೇಲೆ ಸೀಲು ಹಾಕಿಸಿ.

ಒಟ್ಟು ಗಂಟೆಯ ಲೆಕ್ಕವನ್ನೂ ನೋಡಿಬಿಡೋಣ. ಕೃಷಿ ಇಂಜಿನಿಯರಿಂಗ್ ಲೆಕ್ಕಾಚಾರದಲ್ಲಿ ಟ್ರ್ಯಾಕ್ಟರಿನ ಆಯುಷ್ಯ 10,000 ಗಂಟೆ ಅಂತ ಹಿಡಿಯುವುದು ರೂಢಿ, ವರ್ಷಕ್ಕೆ 1,000 ಗಂಟೆಯ ಹಾಗೆ. ಒಂಬತ್ತು ಎಕರೆಯವರ ಗಾಡಿ, ಅಲ್ಪಸ್ವಲ್ಪ ಬಾಡಿಗೆ ಸೇರಿದರೂ, ವರ್ಷಕ್ಕೆ 300 ಗಂಟೆ ದಾಟುವುದು ಕಷ್ಟ. ನಿಮ್ಮ ಗಾಡಿಗೆ ವಯಸ್ಸಾದಷ್ಟು ದುಡಿತವಾಗಿಲ್ಲ. ಅದರ ಮೇಲೆ 1035 ಮಾದರಿ ಇನ್ನೂ ಮಾರಾಟದಲ್ಲಿದೆ, ಬಿಡಿಭಾಗ ರಾಣೆಬೆನ್ನೂರಿನಲ್ಲಿ ಸಿಗದಿದ್ದರೆ ದಾವಣಗೆರೆಯಲ್ಲಿ ಸಿಗುತ್ತದೆ. ಎಚ್‌ಎಂಟಿ ಗಾಡಿ ಇಟ್ಟುಕೊಂಡವರಿಗೆ ಈ ನೆಮ್ಮದಿ ಇಲ್ಲ. ಪಿಂಜೋರಿನ ಆ ಟ್ರ್ಯಾಕ್ಟರ್ ಘಟಕ ಮುಚ್ಚಲು 2016ರಲ್ಲೇ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಯಿತು. ಕಡಿಮೆ ಬೆಲೆಗೆ ಎಚ್‌ಎಂಟಿ 5911 ಸಿಗುತ್ತದೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಇದನ್ನು ನೆನಪಿಡಿ. ಇಂಜಿನ್ ಭಲೇ ಗಟ್ಟಿ, ಆದರೆ ಒಂದು ಗೇರಿಗಾಗಿ ಹಂಗಾಮಿನಲ್ಲಿ ಗುಜರಿ ಅಂಗಡಿ ಸುತ್ತುವ ಪಾಡು ಬೇಡ.

ಈಗ ನಿಜವಾದ ವಿಷಯಕ್ಕೆ ಬರೋಣ: ರೋಟವೇಟರ್. ಅದು ನಿಮ್ಮ ಗಾಡಿಯಿಂದ ಯಾಕೆ ಆಗುತ್ತಿಲ್ಲ? 'ಎಚ್‌ಪಿ ಸಾಲದು' ಅಂತ ನಿಮ್ಮ ತಮ್ಮ ಹೇಳಿರಬೇಕು. ಅದು ಅರ್ಧ ನಿಜ. 36 ಎಚ್‌ಪಿ ಇಂಜಿನ್ನಿನಿಂದ ಪಿಟಿಒ (ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಶಾಫ್ಟು) ತನಕ ಬರುವುದು 30ರ ಆಸುಪಾಸು. ಹದವಾದ ಮಸಾರಿಯಲ್ಲಿ ನಾಲ್ಕು, ನಾಲ್ಕೂವರೆ ಅಡಿ ರೋಟವೇಟರಿಗೆ ಅದು ಸಾಲುತ್ತದೆ. ಐದಾರು ಅಡಿಯದಕ್ಕೆ ಸಾಲುವುದಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಸಿಂಗಲ್ ಕ್ಲಚ್. ಪೆಡಲ್ ಒತ್ತಿದ ಕೂಡಲೇ ಚಕ್ರಕ್ಕೂ ಪಿಟಿಒಗೂ ಒಟ್ಟಿಗೇ ಶಕ್ತಿ ನಿಲ್ಲುತ್ತದೆ. ನಿಮ್ಮ ಮಾದರಿಯಲ್ಲಿ ಹೈಡ್ರಾಲಿಕ್ ಪಂಪ್ ಓಡುವುದೂ ಪಿಟಿಒ ಶಾಫ್ಟಿನಿಂದಲೇ, ಹಾಗಾಗಿ ಲಿಫ್ಟೂ ನಿಲ್ಲುತ್ತದೆ. ಬದುವಿನ ಹತ್ತಿರ ಬಂದು ಕ್ಲಚ್ ಒತ್ತಿದಿರಿ ಅನ್ನಿ: ರೋಟವೇಟರ್ ಮಣ್ಣಿನಲ್ಲೇ ನಿಂತಿದೆ, ಎತ್ತೋಣವೆಂದರೆ ಲಿಫ್ಟ್ ಬರುವುದಿಲ್ಲ, ಕ್ಲಚ್ ಬಿಟ್ಟರೆ ಗಾಡಿಯೂ ಮುಂದಕ್ಕೆ ಹೋಗುತ್ತದೆ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಭಾರವಾದ ರೋಟರ್ ರಭಸದಲ್ಲಿ ತಿರುಗುತ್ತಿದ್ದಾಗ ಕ್ಲಚ್ ಒತ್ತಿದರೆ, ಆ ರಭಸವೇ ಶಾಫ್ಟಿನ ಮೂಲಕ ಗೇರ್‌ಬಾಕ್ಸಿಗೆ ಬಂದು ಗಾಡಿಯನ್ನು ಇನ್ನಷ್ಟು ದೂರ ನೂಕುತ್ತದೆ. ಎದುರಿಗೆ ಕಾಲುವೆ ಇದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನೀವು ಹುಡುಕಬೇಕಾದ್ದು ಡಬಲ್ ಕ್ಲಚ್, ನಿಧಾನದ ಗೇರು, ಕೆಸರಿಗೆ ತಡೆಯುವ ಆಯಿಲ್ ಬ್ರೇಕು, ಸಾಧ್ಯವಾದರೆ ಪವರ್ ಸ್ಟೇರಿಂಗ್. 2012 ಅಂತ ಬರೆದ ಮಾತ್ರಕ್ಕೆ ಇವೆಲ್ಲ ಇರುತ್ತವೆ ಅಂತಲ್ಲ. ಒಂದೇ ಮಾದರಿಯ ಹೆಸರಲ್ಲಿ ಸಿಂಗಲ್ ಕ್ಲಚ್ಚಿನದೂ ಡಬಲ್ ಕ್ಲಚ್ಚಿನದೂ ಬಂದಿರುತ್ತದೆ, ಬ್ರೇಕೂ ಹಾಗೇ. ನೋಡುವುದು ಸುಲಭ. ಬಯಲಿನಲ್ಲಿ ಪಿಟಿಒ ಹಾಕಿ, ಸಣ್ಣ ಗೇರಿನಲ್ಲಿ ಗಾಡಿ ಹೊರಡಿಸಿ, ಪೆಡಲನ್ನು ಅರ್ಧ ಮಾತ್ರ ಒತ್ತಿ. ಗಾಡಿ ನಿಂತು ಪಿಟಿಒ ತಿರುಗುತ್ತಲೇ ಇದ್ದರೆ ಡಬಲ್ ಕ್ಲಚ್, ಅದೂ ಜೀವಂತ ಇದೆ. ಎರಡೂ ಒಟ್ಟಿಗೆ ನಿಂತರೆ ಒಂದೋ ಸಿಂಗಲ್, ಇಲ್ಲವೇ ಡಬಲ್ ಇದ್ದೂ ಸೆಟ್ಟಿಂಗ್ ಹೋಗಿದೆ. ಯಾರೂ ಪಿಟಿಒ ಶಾಫ್ಟಿನ ಹತ್ತಿರ ನಿಲ್ಲಬಾರದು, ಪಂಚೆ ಉಟ್ಟವರಂತೂ ಬೇಡವೇ ಬೇಡ.

ದಲ್ಲಾಳಿ ತೋರಿಸಿದ ಗಾಡಿಯ ಬಗ್ಗೆ ನನಗೆ ಅನುಮಾನವಿದೆ, ಮಾದರಿಯ ಬಗ್ಗೆ ಅಲ್ಲ. ಕೆಎ-48 ಅಂದರೆ ಜಮಖಂಡಿ. ಅದು ಕಬ್ಬಿನ ಸೀಮೆ. ನಂಬರು ನೋಡಿ ಗಾಡಿಯ ಜಾತಕ ಹೇಳಲಾಗದು, ನಿಜ. ಆದರೆ ಕಬ್ಬು ಹೊತ್ತ ಗಾಡಿಯೇ ಅಂತ ವಿಚಾರಿಸಲೇಬೇಕು. ಎರಡೆರಡು ಟ್ರೇಲರ್ ಕಬ್ಬು ಎಳೆದ ಗಾಡಿಗೂ ಹೊಲದಲ್ಲಿ ಕುಂಟೆ ಹೊಡೆದ ಗಾಡಿಗೂ ವರ್ಷ ಒಂದೇ ಇದ್ದರೂ ಆಯುಷ್ಯ ಒಂದೇ ಅಲ್ಲ. ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರಿನಲ್ಲಿ ಯಾವ ವರ್ಷದ್ದು ಅನ್ನುವುದಕ್ಕಿಂತ ಏನು ಕೆಲಸ ಮಾಡಿದ್ದು ಅಂತ ಮೊದಲು ಕೇಳಬೇಕು. ಮರಳು ಹೊಡೆದದ್ದು, ಇಟ್ಟಿಗೆ ಭಟ್ಟಿಯದ್ದು, ಮುಂದೆ ಲೋಡರ್ ಕಟ್ಟಿಸಿಕೊಂಡದ್ದು, ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಗಾಲಿ) ಹಾಕಿ ಗಂಗಾವತಿ-ಸಿಂಧನೂರು ಕಡೆ ವರ್ಷಕ್ಕೆರಡು ಹಂಗಾಮು ಕೆಸರು ಹೊಡೆದದ್ದು — ಒಂದೊಂದರ ಪೆಟ್ಟು ಒಂದೊಂದು ಕಡೆ ಇರುತ್ತದೆ. ಕೆಸರಿನ ಗಾಡಿಯಲ್ಲಿ ಹಿಂದಿನ ಆಕ್ಸಲ್ ಸೀಲು, ಮುಂದಿನ ಹಬ್ಬಿನ ಬೇರಿಂಗು. ಲೋಡರಿನದಕ್ಕೆ ಮುಂದಿನ ಆಕ್ಸಲ್. ಕಬ್ಬಿನದಕ್ಕೆ ಕ್ಲಚ್, ಬ್ರೇಕು, ಟಾಪ್ ಗೇರು, ಕಿಂಗ್ ಪಿನ್ನು (ಮುಂದಿನ ಗಾಲಿ ಹೊರಳುವ ಗೂಟ), ಹಿಚ್ಚು (ಟ್ರೇಲರ್ ಕಟ್ಟುವ ಕೊಂಡಿ).

ಹಿಚ್ಚಿನ ತೂತು ನೋಡಿ. ಗುಂಡಗಿರಬೇಕಾದ್ದು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಇಲ್ಲವೇ ಅಲ್ಲಿ ಹೊಸದಾಗಿ ವೆಲ್ಡ್ ಮಾಡಿ ತೂತು ಕೊರೆದಿದ್ದರೆ, ಅದು ರಸ್ತೆಯ ಗಾಡಿ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಹೌಸಿಂಗಿನ ಕೆಳಗೆ ಮಲಗಿ ಟಾರ್ಚ್ ಬಿಡಿ: ವೆಲ್ಡಿಂಗ್ ಗೆರೆ, ಅಲ್ಲಿಗೆ ಮಾತ್ರ ಹೊಸ ಬಣ್ಣ ಕಂಡರೆ ಎದ್ದು ಬನ್ನಿ. ಮುಂದಿನ ಗಾಲಿಯನ್ನು ಜಾಕಿನಲ್ಲಿ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಿಸಿದರೆ ಕಿಂಗ್ ಪಿನ್ನಿನ ಕಥೆ ತಿಳಿಯುತ್ತದೆ. ಕ್ಲಚ್ ಪೆಡಲಿನ ಕಬ್ಬಿಣದ ಅಂಚು ಹೊಳಪಾಗಿ ಸವೆದಿದೆಯಾ ನೋಡಿ. ಹೊಸ ರಬ್ಬರು ಹಾಕುವವರು ಕೆಳಗಿನ ಕಬ್ಬಿಣ ಮರೆತಿರುತ್ತಾರೆ.

3,100 ಗಂಟೆಯನ್ನು ಮರೆತುಬಿಡಿ. ಈ ಹಳೆಯ ಮೀಟರುಗಳು ಕೇಬಲ್ಲಿನಿಂದ ಓಡುತ್ತವೆ, ಕೇಬಲ್ ತುಂಡಾದ ದಿನವೇ ಗಂಟೆ ನಿಲ್ಲುತ್ತದೆ, ಸರಿ ಮಾಡಿಸುವವರು ಕಡಿಮೆ. ಕೇಬಲ್ ಚೆನ್ನಾಗಿದ್ದರೂ ಇಂಜಿನ್ ಒಂದು ನಿಗದಿತ ವೇಗದಲ್ಲಿ ಓಡಿದಾಗ ಮಾತ್ರ ಅದು ಸರಿಯಾದ ಗಂಟೆ ತೋರಿಸುವುದು. 2012ರಿಂದ ಇಲ್ಲಿಯತನಕ 3,100 ಅಂದರೆ ವರ್ಷಕ್ಕೆ 240 ಗಂಟೆಯೂ ಆಗಲಿಲ್ಲ. ಕಬ್ಬಿನ ಸೀಮೆಯ ಗಾಡಿ ಅಷ್ಟು ವಿಶ್ರಾಂತಿಯಲ್ಲಿದ್ದದ್ದು ನಾನಂತೂ ಕಂಡಿಲ್ಲ.

ಅಷ್ಟಾದರೂ ಗಾಡಿ ನೋಡಲೇಬೇಕು ಅನ್ನಿಸಿದರೆ ಬೆಳಿಗ್ಗೆ ಹೇಳದೆ ಹೋಗಿ. ಮೊದಲು ಇಂಜಿನ್ ಮುಟ್ಟಿ ನೋಡಿ. ತಣ್ಣಗಿರಬೇಕು, ಆಗಲೇ ಬಿಸಿ ಇದ್ದರೆ ಯಾಕೆ ಅಂತ ಕೇಳಿ. ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ಪದರ ಇದೆಯಾ ನೋಡಿ. ಡಿಪ್ ಸ್ಟಿಕ್ಕಿನ ಆಯಿಲ್ ಮೂಸಿ ನೋಡಿ, ಡೀಸೆಲ್ ವಾಸನೆ ಬರಬಾರದು. ಆಮೇಲೆ ರೋಟವೇಟರ್ ಕಟ್ಟಿ ಒಂದು ಗಂಟೆ ಹೊಲದಲ್ಲಿ ಓಡಿಸಿ. ಆಯಿಲ್ ಪ್ರೆಶರ್ ಇಂಜಿನ್ ಬಿಸಿಯಾದ ಮೇಲೆ, ಆಕ್ಸಿಲರೇಟರ್ ಪೂರ್ತಿ ಇಳಿಸಿದಾಗ ಎಷ್ಟಿದೆ ಅಂತ ನೋಡಬೇಕು. ತಣ್ಣಗಿದ್ದಾಗ ಎಲ್ಲ ಗಾಡಿಯ ಮುಳ್ಳೂ ಮೇಲೇ ಇರುತ್ತದೆ. ಕೊನೆಗೆ ರೋಟವೇಟರನ್ನು ಎತ್ತಿ ಇಂಜಿನ್ ನಿಲ್ಲಿಸಿ, ಚಹಾ ಕುಡಿದು ಬನ್ನಿ. ಅದು ಎಷ್ಟು ಇಳಿದಿದೆ ಅನ್ನುವುದನ್ನು ನಿಮ್ಮ ಮನೆಯ ಗಾಡಿಯ ಜೊತೆ ಹೋಲಿಸಿ.

ಹಣದ ಲೆಕ್ಕ ಹೇಳುತ್ತೇನೆ, ಇದನ್ನು ತಮ್ಮನಿಗೂ ತೋರಿಸಿ. ನೀವು ಮೇಲೆ ಹಾಕಬೇಕಾದ್ದು 2.3 ಲಕ್ಷ. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಹಿಡಿದರೆ 27,600 ರೂಪಾಯಿ. ನೀವು ಉಳಿಸಬೇಕೆಂದಿರುವ ರೋಟವೇಟರ್ ಬಾಡಿಗೆ 28-30 ಸಾವಿರ. ಅಂದರೆ ಉಳಿತಾಯವೆಲ್ಲ ಬಡ್ಡಿಗೇ ಹೋಯಿತು. ಇನ್ನು ರೋಟವೇಟರ್ ಕೊಳ್ಳಬೇಕು, ಅದಕ್ಕೆ ಲಕ್ಷದ ಹತ್ತಿರ. ಡೀಸೆಲ್ ನಿಮ್ಮದೇ. ಹಿಂದಿನ ಟೈರು ಸವೆದಿದ್ದರೆ ಜೋಡಿಗೆ 40 ಸಾವಿರ ಮೀರುತ್ತದೆ. ಸ್ವಂತ ಒಂಬತ್ತು ಎಕರೆಗಾಗಿ ಮಾತ್ರ ಈ ಬದಲಾವಣೆ ಗಿಟ್ಟುವುದಿಲ್ಲ. ನಿಮ್ಮ ತಮ್ಮನೇ ಗಾಡಿ ಮೇಲೆ ಕೂತು ವರ್ಷಕ್ಕೆ ಇನ್ನೂರು ಗಂಟೆ ಹೊರಗಿನ ರೋಟವೇಟರ್ ಕೆಲಸ ಮಾಡಲು ತಯಾರಿದ್ದು, ಊರಿನಲ್ಲಿ ಅಷ್ಟು ಕೆಲಸವೂ ಇದ್ದರೆ ಮಾತು ಬೇರೆ. ಇದನ್ನು ಅವನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಯಾರ್‍ಯಾರ ಹೊಲ ಅಂತ ಹೆಸರು ಬರೆಯಲಿ.

'ದೊಡ್ಡ ಗಾಡಿ ಡೀಸೆಲ್ ಜಾಸ್ತಿ ಕುಡಿಯುತ್ತೆ' ಅನ್ನುವ ಅಪ್ಪನ ಭಯವೂ ಪೂರ್ತಿ ಸರಿಯಲ್ಲ. ಗಂಟೆಗೆ ಎಷ್ಟು ಅಂತ ಅಳೆಯಬಾರದು, ಎಕರೆಗೆ ಎಷ್ಟು ಅಂತ ಅಳೆಯಬೇಕು. ಹಗುರ ಕೆಲಸಕ್ಕೆ ದೊಡ್ಡ ಗಾಡಿಯನ್ನು ಮೇಲಿನ ಗೇರಿನಲ್ಲಿ, ಕಡಿಮೆ ಆಕ್ಸಿಲರೇಟರಿನಲ್ಲಿ ಓಡಿಸಿದರೆ ಎಕರೆಗೆ ಕಡಿಮೆಯೇ ಬರಬಹುದು. ಟ್ಯಾಂಕ್ ತುಂಬಿಸಿ, ಒಂದು ಎಕರೆ ಹೊಡೆದು, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ ನೋಡುವುದೊಂದೇ ಪರೀಕ್ಷೆ. ಈಗಿನ ನಿಮ್ಮ ಗಾಡಿಯಲ್ಲೂ ನಾಝಲ್ ಕೆಲಸಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಹೀಗೆ ಅಳೆಯಿರಿ.

ಹಾಗಾದರೆ ದಾರಿ ಏನು? ನಾನಾದರೆ ಈ ವರ್ಷ ಗಾಡಿ ಬದಲಾಯಿಸುವುದಿಲ್ಲ. ನಾಝಲ್, ಏರ್ ಕ್ಲೀನರ್, ಲಿಫ್ಟ್ ಸೀಲು, ಎಣ್ಣೆ, ಆರ್‌ಸಿ — ಇಂಜಿನ್ ಬಿಚ್ಚುವ ಪ್ರಸಂಗ ಬಾರದಿದ್ದರೆ ಇಷ್ಟೂ 25-30 ಸಾವಿರದೊಳಗೆ ಮುಗಿಯಬೇಕು. ರೋಟವೇಟರ್ ಬಾಡಿಗೆಗೇ ಇರಲಿ. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದ (ಸರ್ಕಾರಿ ಯೋಜನೆಯಡಿ ಯಂತ್ರ ಬಾಡಿಗೆಗೆ ಕೊಡುವ ಕೇಂದ್ರ) ದರವನ್ನೂ ಊರಿನ ದರದ ಜೊತೆ ಹೋಲಿಸಿ ನೋಡಿ. ಇದರಲ್ಲಿ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಮಳೆ ಬಿದ್ದು ಹದ ಬಂದ ಎರಡು ದಿನದಲ್ಲಿ ಊರಿಗೆಲ್ಲ ರೋಟವೇಟರ್ ಬೇಕು, ಬಾಡಿಗೆಯವರ ಪಾಳಿ ನಿಮಗೆ ಬರುವಷ್ಟರಲ್ಲಿ ಮೇಲ್ಮಣ್ಣು ಒಣಗಿರುತ್ತದೆ. ಮಳೆಯಾಶ್ರಿತ ಆರು ಎಕರೆಗೆ ಈ ನಷ್ಟ ಸಣ್ಣದಲ್ಲ. ಹೀಗೆ ಹದ ತಪ್ಪಿದ ಅನುಭವ ನಿಮಗೆ ಪದೇಪದೇ ಆಗಿದ್ದರೆ ಮೇಲಿನ ಬಡ್ಡಿ ಲೆಕ್ಕಕ್ಕಿಂತ ಅದಕ್ಕೇ ಬೆಲೆ ಕೊಡಿ.

ಆಗ ಹುಡುಕಬೇಕಾದ್ದು ಏಳೆಂಟು ವರ್ಷದೊಳಗಿನ, 39ರಿಂದ 42 ಎಚ್‌ಪಿ, ಡಬಲ್ ಕ್ಲಚ್, ಆಯಿಲ್ ಬ್ರೇಕ್ ಇರುವ, ಸಾಧ್ಯವಾದಷ್ಟು ನಿಮ್ಮದೇ ತಾಲ್ಲೂಕಿನ ರೈತನ ಕೈಯಲ್ಲಿರುವ ಗಾಡಿ. ಪಕ್ಕದೂರಿನ ಗಾಡಿಯಾದರೆ ಅದರ ಚರಿತ್ರೆ ಹೋಟೆಲಿನಲ್ಲೇ ಸಿಗುತ್ತದೆ. ದುಡ್ಡು ಹೆಚ್ಚು ಬೀಳುತ್ತದೆ, ಹೌದು. ಚೌಕಾಸಿಗೆ ಒಂದು ಆಧಾರ ನೆನಪಿರಲಿ: 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಏಳು ಲಕ್ಷದ ಹೊಸ ಗಾಡಿಗೆ ಇದರಿಂದಲೇ 40 ಸಾವಿರಕ್ಕೂ ಹೆಚ್ಚು ಕಡಿಮೆ. ಹೊಸದು ಇಳಿದ ಮೇಲೆ ಹಳೆಯದೂ ಇಳಿಯಬೇಕಲ್ಲ? ಹಳೆಯ ದರವನ್ನೇ ಹೇಳುವವರಿಗೆ ಈ ಮಾತು ಕೇಳಿ. 50 ಎಚ್‌ಪಿ ಮೇಲಿನದಕ್ಕೆ ಮಾತ್ರ ಆಸೆ ಪಡಬೇಡಿ. 2023ರ ಜನವರಿಯಿಂದ ಆ ದರ್ಜೆಗೆ ಹೊಸ ಹೊಗೆ ನಿಯಮ ಬಂದು ಕಂಪ್ಯೂಟರ್ ನಿಯಂತ್ರಿತ ಡೀಸೆಲ್ ವ್ಯವಸ್ಥೆ ಸೇರಿದೆ, ಊರಿನ ಮಿಸ್ತ್ರಿ ಸ್ಪ್ಯಾನರ್ ಹಿಡಿದು ಬಿಚ್ಚುವಂಥದ್ದಲ್ಲ.

ಮುಂದೆಂದಾದರೂ ಮ್ಯಾಸಿ ಮಾರಿದರೆ, ಹೆಸರು ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳಬೇಡಿ. ಖಾಲಿ ಫಾರ್ಮಿಗೆ ಸಹಿ ಮಾಡಿಸಿಕೊಂಡು ಗಾಡಿಯನ್ನು ಕೈಯಿಂದ ಕೈಗೆ ದಾಟಿಸುವುದು ಈ ವ್ಯಾಪಾರದಲ್ಲಿ ದಿನವೂ ನಡೆಯುವ ಸಂಗತಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ನಾಲ್ಕು ಕೈ ದಾಟಿದ್ದರೂ ಸರಿ. ಆರ್‌ಸಿ ಅಪ್ಪನ ಹೆಸರಲ್ಲಿದ್ದರೆ ನೋಟಿಸ್ ಬರುವುದೂ ಅಪ್ಪನಿಗೇ. ಕೊಳ್ಳುವಾಗಲೂ ಅಷ್ಟೇ, ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ ಅದು ಫಾರ್ಮ್ 35ರ ಮೂಲಕ ತೆಗೆದುಹಾಕಿಸಿದ ಮೇಲೆಯೇ ದುಡ್ಡು ಕೊಡಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕೆಗಳನ್ನು ಆರ್‌ಸಿ ಜೊತೆ ಒಂದೊಂದಾಗಿ ತಾಳೆ ನೋಡಿ.

ಮುಂಗಡದ 10 ಸಾವಿರ ಇನ್ನೂ ಕೊಟ್ಟಿಲ್ಲವಾದರೆ ಕೊಡಬೇಡಿ. ತಮ್ಮ ಆಗಲೇ ಕೊಟ್ಟುಬಿಟ್ಟಿದ್ದರೆ, 'ಹೊಲದಲ್ಲಿ ಒಂದು ಗಂಟೆ ರೋಟವೇಟರ್ ಓಡಿಸಿ, ನಮ್ಮ ಮಿಸ್ತ್ರಿ ಒಪ್ಪಿದರೆ ಮಾತ್ರ ವ್ಯಾಪಾರ, ಇಲ್ಲದಿದ್ದರೆ ಮುಂಗಡ ವಾಪಸ್' ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಮಿಸ್ತ್ರಿಯನ್ನು ನೀವೇ ಕರೆದುಕೊಂಡು ಹೋಗಿ, ದಿನಗೂಲಿ ಕೊಟ್ಟು. ದಲ್ಲಾಳಿಯಿಂದ ಕಮಿಷನ್ ತಿನ್ನುವ ಮಿಸ್ತ್ರಿ ಆಗಬಾರದು. ಬರೆದುಕೊಡಲು ದಲ್ಲಾಳಿ ಒಪ್ಪದಿದ್ದರೆ ಗಾಡಿ ನೋಡಲು ಹೋಗುವ ಬಸ್‌ಚಾರ್ಜೂ ಉಳಿಯಿತು.